ಚಿತ್ರ ತೆಗೆದ ಮೇಲಿನ ಕೆಲಸ

ಹಂಪಿಯ ಕಲ್ಲಿನ ರಥವನ್ನು ನೀವೆಲ್ಲ ನೋಡಿರುತ್ತೀರಿ. ಅಲ್ಲಿಗೆ ಹೋಗದವರೂ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಾದರೂ ನೋಡಿದ್ದೀರಿ. ಆ ರಥದ ನೆತ್ತಿಯ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತು. ಈಗಿಲ್ಲ. ಅದು ಹೇಗಿತ್ತು ಅಂತ ಇವತ್ತು ನಮ್ಮ ಕಣ್ಣಿಗೆ ಕಾಣುವುದು 1856ರಲ್ಲಿ ತೆಗೆದ ಫೋಟೋದಲ್ಲಿ. ತೆಗೆದವರು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ.

ಅವರು ಫೋಟೋ ತೆಗೆದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಗ ಫಿಲ್ಮ್ ರೋಲ್ ಎಂಬುದೇ ಇರಲಿಲ್ಲ. ತೆಳು ಕಾಗದಕ್ಕೆ ಮೇಣ ಹಿಡಿಸಬೇಕು. ಅದನ್ನು ಅಯೋಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಆಮೇಲೆ ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ಹಚ್ಚಬೇಕು. ಹಾಗೆ ಸಿದ್ಧವಾದ ಹಾಳೆಯನ್ನು ಮರದ ದೊಡ್ಡ ಕ್ಯಾಮೆರಾದೊಳಗೆ ಇಟ್ಟು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ಹಾಳೆಯೂ ಅಂಗೈ ಅಗಲದ್ದಲ್ಲ, ಒಂದೂವರೆ ಅಡಿಯ ಆಸುಪಾಸಿನದು. ಒಂದು ಹಾಳೆಗೆ ಒಂದೇ ಚಿತ್ರ. ತುಂಗಭದ್ರೆಯ ದಡದ ಬಿಸಿಲು ಎಂಥದ್ದು ಅಂತ ಬಳ್ಳಾರಿ, ಹೊಸಪೇಟೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲಿ ಇಷ್ಟೆಲ್ಲ ಪಾಡುಪಟ್ಟು ಅವರು ತೆಗೆದದ್ದು ಸುಮಾರು 60 ಚಿತ್ರ.

ಆ ಕಾಗದದ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಹೆಚ್ಚುಕಡಿಮೆ ಯಾರ ಗಮನಕ್ಕೂ ಬಾರದೆ ಇದ್ದವು. 1980ರ ಆಸುಪಾಸಿನಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿಕೊಂಡು ಹೋಗಿ, ಅಲ್ಲೇ ಕ್ಯಾಮೆರಾ ಹೂಡಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಡುವಿನ 127 ವರ್ಷಗಳಲ್ಲಿ ಯಾವ ಕಂಬ ಬಿತ್ತು, ಯಾವ ಗೋಡೆ ನಿಂತಿತು ಎಂಬುದು ಒಂದೊಂದಾಗಿ ಕಣ್ಣಿಗೆ ಬೀಳುತ್ತದೆ.

ಈ ಕಥೆಯನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣ ಇದೆ. ಗ್ರೀನ್‌ಲಾ ಅವರ ನೆಗೆಟಿವ್‌ಗಳನ್ನು ಜನ ಮರೆತರು, ಆದರೂ ಅವು ಉಳಿದವು. ಯಾರೋ ಪೆಟ್ಟಿಗೆ ತೆರೆದಾಗ ಬೆಳಕಿಗೆ ಹಿಡಿದರೆ ಸಾಕಿತ್ತು, ಚಿತ್ರ ಕಾಣುತ್ತಿತ್ತು. ನಿಮ್ಮ ಫೋನಿನಲ್ಲಿರುವ ಚಿತ್ರವನ್ನು ನೂರು ವರ್ಷ ಬಿಡಿ, ಇಪ್ಪತ್ತು ವರ್ಷ ಮರೆತರೂ ಅದು ನಿಮಗೆ ಸಿಗುವ ಭರವಸೆ ಇಲ್ಲ. ಮರೆವನ್ನು ತಾಳಿಕೊಳ್ಳುವ ಶಕ್ತಿ ಡಿಜಿಟಲ್ ಚಿತ್ರಕ್ಕೆ ಬಹಳ ಕಡಿಮೆ. ನಾವೋ ಹಿಂದೆಂದಿಗಿಂತ ಹೆಚ್ಚು ಚಿತ್ರ ತೆಗೆಯುತ್ತೇವೆ, ಹಿಂದೆಂದಿಗಿಂತ ಬೇಗ ಮರೆಯುತ್ತೇವೆ.

ನಾನು ಮನೆಗಳಲ್ಲಿರುವ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಅದರಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳಿ ಬರೆದು, ಮನೆಯವರಿಗೇ ಜೋಡಿಸಿ ಕೊಡುವ ಕೆಲಸ ಮಾಡುವವನು. ಹಳೆಯ ಕಬ್ಬಿಣದ ಟ್ರಂಕುಗಳ ಜೊತೆಗೂ ಹೊಸ ಹಾರ್ಡ್ ಡಿಸ್ಕ್‌ಗಳ ಜೊತೆಗೂ ನನಗೆ ಒಡನಾಟ ಇದೆ. ಹೇಳಲಿಕ್ಕೆ ಬಂದದ್ದು ಇಷ್ಟು. ಫಿಲ್ಮಿನ ಕಾಲದಲ್ಲಿ ನಮ್ಮ ಎಚ್ಚರವೆಲ್ಲ ಬಟನ್ ಒತ್ತುವ ಮೊದಲು ಕೆಲಸ ಮಾಡುತ್ತಿತ್ತು. ಈಗ ಅದು ಬೇಕಾಗಿರುವುದು ಬಟನ್ ಒತ್ತಿದ ಮೇಲೆ. ಮೊದಲಿನ ಎಚ್ಚರವನ್ನು ನಾವು ಬಿಟ್ಟೆವು, ಆಮೇಲಿನದನ್ನು ಇನ್ನೂ ಕಲಿತಿಲ್ಲ.

ಮೊದಲಿನ ಎಚ್ಚರ ಅಂದರೆ ಏನು? ಈ ಸಭೆಯಲ್ಲಿ ಐವತ್ತು ದಾಟಿದವರಿಗೆ ನೆನಪಿದೆ. ಆಗ್ಫಾ ಕ್ಲಿಕ್ ಥ್ರೀ ಎಂಬ ಪುಟ್ಟ ಕ್ಯಾಮೆರಾ ಬಹಳ ಮನೆಗಳಲ್ಲಿತ್ತು. ಅದಕ್ಕೆ ಹಾಕುವ ರೋಲಿನಲ್ಲಿ 12 ಚಿತ್ರ ಬರುತ್ತಿತ್ತು. ಆಮೇಲಿನ ಕ್ಯಾಮೆರಾಗಳಲ್ಲಿ 36. ಕೈ ಕುದುರಿದವರು ರೋಲನ್ನು ಜಾಣತನದಿಂದ ಸುತ್ತಿ ಇನ್ನೊಂದೆರಡು ಗಿಟ್ಟಿಸುತ್ತಿದ್ದರು. ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು ಸುತ್ತಿ ಬಂದರೂ ಒಂದೇ ರೋಲ್. ರೋಲಿಗೆ ದುಡ್ಡು, ತೊಳೆಸಲು ದುಡ್ಡು, ಪ್ರಿಂಟಿಗೆ ಮತ್ತೆ ದುಡ್ಡು. ಹಾಗಾಗಿ ಎಲ್ಲರೂ ಸಾಲಾಗಿ ನಿಂತು, ಸೆರಗು ಸರಿಮಾಡಿಕೊಂಡು, ಮಗುವಿನ ಮೂಗು ಒರೆಸಿ, ಸೂರ್ಯ ಯಾವ ಕಡೆ ಇದ್ದಾನೆ ನೋಡಿ, ಉಸಿರು ಬಿಗಿಹಿಡಿದು ಒಂದು ಚಿತ್ರ. ಅಷ್ಟೇ. ಆಯ್ಕೆ ಮೊದಲೇ ಮುಗಿದಿರುತ್ತಿತ್ತು. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಮನೆಯವರ ಬಾಯಲ್ಲಿ, ಅಂಗಳದಲ್ಲಿ, ಚರ್ಚೆಯಾಗಿ ಹೋಗಿರುತ್ತಿತ್ತು.

ಮತ್ತೊಂದು ಎಚ್ಚರ ಸ್ಟುಡಿಯೋಗಳದು. ಊರಿನ ಸ್ಟುಡಿಯೋದಲ್ಲಿ ಒಂದು ಲೆಡ್ಜರ್ ಇರುತ್ತಿತ್ತು. ತಾರೀಖು, ಹೆಸರು, ನೆಗೆಟಿವ್ ನಂಬರ್. ಅದೇ ನಂಬರನ್ನು ಕಂದು ಬಣ್ಣದ ಪುಟ್ಟ ಲಕೋಟೆಯ ಮೇಲೂ ಬರೆದು, ನೆಗೆಟಿವನ್ನು ಅದರಲ್ಲಿ ಹಾಕಿ, ಡಬ್ಬಿಯಲ್ಲಿ ವರ್ಷವಾರು ಜೋಡಿಸುತ್ತಿದ್ದರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಂದು ‘ನಮ್ಮದೊಂದು ರೀಪ್ರಿಂಟ್ ಬೇಕಿತ್ತು’ ಅಂದರೆ ಅವರು ಲೆಡ್ಜರ್ ತೆಗೆದು ಬೆರಳಾಡಿಸಿ ಹುಡುಕಿಕೊಡುತ್ತಿದ್ದರು. ಊರಿನ ನೆನಪನ್ನು ಕಾಯುವ ಕೆಲಸ ಅದು ಅಂತ ಅವರೂ ತಿಳಿದಿರಲಿಲ್ಲ, ನಾವೂ ತಿಳಿದಿರಲಿಲ್ಲ. ಡಿಜಿಟಲ್ ಬಂದಾಗ ಇಂಥ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಆ ಬೆಳ್ಳಿಗಾಗಿ ಹಳೆಯ ನೆಗೆಟಿವ್‌ಗಳನ್ನು ತೂಕಕ್ಕೆ ಕೊಳ್ಳುವವರು ಬಂದರು. ಬಾಡಿಗೆ ಅಂಗಡಿ ಖಾಲಿ ಮಾಡಬೇಕಾದ ಸ್ಟುಡಿಯೋದವರು ಚೀಲಗಟ್ಟಲೆ ತುಂಬಿಕೊಟ್ಟರು. ಅವರನ್ನು ದೂರುವುದು ನನ್ನಿಂದಾಗದು. ಹೊಟ್ಟೆಪಾಡಿಗೆ ಕುತ್ತು ಬಂದಾಗ ಅವರ ನೆರವಿಗೆ ಯಾರೂ ಬರಲಿಲ್ಲ. ಆದರೆ ಎಷ್ಟೋ ತಾಲೂಕು ಪೇಟೆಗಳ ಐವತ್ತು, ಅರವತ್ತು ವರ್ಷದ ಮುಖಗಳು ಹಾಗೆ ಕರಗಿಹೋದವು ಎಂಬುದು ನನಗೆ ಈಗಲೂ ಸಂಕಟದ ವಿಷಯ.

ಇಷ್ಟು ಹೇಳಿದ ಮಾತ್ರಕ್ಕೆ ಫಿಲ್ಮಿನ ಕಾಲವೇ ಚೆನ್ನಾಗಿತ್ತು ಅನ್ನುವ ಪೈಕಿ ನಾನಲ್ಲ. ಇದನ್ನು ಖಡಾಖಂಡಿತವಾಗಿ ಹೇಳಬೇಕು. ಆ ಎಚ್ಚರದ ಬೇರು ದುಡ್ಡಿನಲ್ಲಿತ್ತು. ದುಡ್ಡಿಲ್ಲದವರ ಚಿತ್ರವೇ ಇಲ್ಲ. ನಾನು ಕೆಲಸ ಮಾಡಿದ ಹಳ್ಳಿಗಳಲ್ಲಿ ಜಮೀನ್ದಾರರ ಮನೆಯಲ್ಲಿ ಆಲ್ಬಂ ಇದೆ, ಅದೇ ಜಮೀನಿನಲ್ಲಿ ದುಡಿದವರ ಕೇರಿಯಲ್ಲಿ ಒಂದು ಚೂರು ಕಾಗದ ಇಲ್ಲ. ಆಲ್ಬಮ್ಮಿನೊಳಗೂ ಗಂಡಸರು ಕುರ್ಚಿಯ ಮೇಲೆ, ಹೆಂಗಸರು ಅಂಚಿಗೆ. ಅಡುಗೆಮನೆಯಲ್ಲಿ, ನಾಟಿಯ ಗದ್ದೆಯಲ್ಲಿ, ಬೀಡಿ ಕಟ್ಟುತ್ತಾ ಕೂತ ಜಗಲಿಯಲ್ಲಿ ಇದ್ದವರನ್ನು ಯಾರೂ ತೆಗೆಯಲಿಲ್ಲ, ಯಾಕೆಂದರೆ ಅದಕ್ಕೊಂದು ಫ್ರೇಮ್ ಖರ್ಚು ಮಾಡುವುದು ದಂಡ ಅನ್ನಿಸುತ್ತಿತ್ತು. ಇವತ್ತು ಕಟ್ಟಡ ಕೆಲಸಕ್ಕೆ ಹೋಗುವ ತಾಯಿಯ ಕೈಯಲ್ಲೂ ತನ್ನ ಮಗುವಿನ ಚಿತ್ರ ಇದೆ. ಡಿಜಿಟಲ್ ನಮಗೆ ಕೊಟ್ಟ ಇಷ್ಟು ದೊಡ್ಡ ಕೊಡುಗೆಯನ್ನು ಹಗುರ ಮಾಡಿ ಮಾತಾಡಬಾರದು. ಇಷ್ಟು ಜನರ ಬದುಕು ಮೊದಲ ಸಲ ಚಿತ್ರದೊಳಗೆ ಬಂದಿದೆ ಅಂದ ಮೇಲೆ ಅದು ಉಳಿಯಬೇಕು ಎಂಬ ಕಾಳಜಿ ಹೆಚ್ಚಾಗಬೇಕಲ್ಲವೇ?

ಈ ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದರ ಬಗ್ಗೆ ಒಂದು ಸಂಗತಿ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟವಾದದ್ದು. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾವನ್ನು ಜೋಡಿಸಿದರು. ಆಗ ಅವರಿಗೆ 25ರ ಪ್ರಾಯ. ಚಿತ್ರ 100 ಸಾಲು, ಸಾಲಿಗೆ 100 ಚುಕ್ಕಿ, ಅಂದರೆ ಒಟ್ಟು ಹತ್ತು ಸಾವಿರ ಪಿಕ್ಸೆಲ್. ಇವತ್ತಿನ ಸಾಧಾರಣ ಫೋನಿನಲ್ಲಿ ಕೋಟಿ ದಾಟುತ್ತದೆ. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು. ಒಂದು ಕ್ಯಾಸೆಟ್ಟಿಗೆ ಎಷ್ಟು ಚಿತ್ರ ಎಂಬ ಪ್ರಶ್ನೆ ಬಂದಾಗ ಸ್ಯಾಸನ್ 30 ಅಂತ ಗೊತ್ತುಮಾಡಿದರು. ಟೇಪಿನಲ್ಲಿ ಇನ್ನೂ ಬಹಳ ಜಾಗ ಇತ್ತು. 30 ಯಾಕೆ ಅಂದರೆ ಅದು 24ಕ್ಕೂ 36ಕ್ಕೂ ನಡುವಿನ ಸಂಖ್ಯೆ, ಜನಕ್ಕೆ ರೂಢಿಯಾಗಿದ್ದ ರೋಲಿನ ಅಳತೆ. ನೋಡಿ, ಡಿಜಿಟಲ್ ಕ್ಯಾಮೆರಾವನ್ನು ಕಟ್ಟಿದವರೇ ಅದಕ್ಕೊಂದು ಮಿತಿ ಇರಬೇಕು ಅಂದುಕೊಂಡಿದ್ದರು. ಆ ಮಿತಿ ಆಮೇಲೆ ಹೋಯಿತು. ಕೊಡಾಕ್ ಕೂಡ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಈಗ ಡಿಜಿಟಲ್ ಚಿತ್ರದ ಫೈಲ್ ಹೇಗೆ ಹಾಳಾಗುತ್ತದೆ ನೋಡೋಣ. ಕಾಗದದ ಫೋಟೋ ಹಾಳಾಗುವುದು ನಿಧಾನಕ್ಕೆ. ಎಪ್ಪತ್ತು, ಎಂಬತ್ತರ ದಶಕದ ಕಲರ್ ಫೋಟೋಗಳು ಕೆಂಪಗೆ ತಿರುಗಿರುವುದನ್ನು ನೋಡಿರುತ್ತೀರಿ. ಅದರಲ್ಲಿನ ನೀಲಿ ಹಸಿರು ಬಣ್ಣ ಮೊದಲು ಮಾಸುವುದರಿಂದ ಹಾಗಾಗುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯುತ್ತದೆ. ಅಂಟು ಹಾಳೆಯ ಆಲ್ಬಂ ಅಂತ ಬಂದಿತ್ತಲ್ಲ, ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದದ್ದು, ಅದರ ಗೋಂದು ಫೋಟೋವನ್ನು ಹಿಂದಿನಿಂದ ತಿಂದುಹಾಕುತ್ತದೆ. ಆದರೂ ಅರ್ಧ ಮಾಸಿದ ಫೋಟೋದಲ್ಲಿ ಅಜ್ಜಿ ಅರ್ಧವಾದರೂ ಕಾಣುತ್ತಾಳೆ, ‘ಹಾಳಾಗುತ್ತಿದೆ, ಏನಾದರೂ ಮಾಡು’ ಅಂತ ಅದು ನಮಗೆ ಹೇಳುತ್ತದೆ.

ಫೈಲ್ ಹಾಗೆ ಸೂಚನೆ ಕೊಡುವುದಿಲ್ಲ. ನಿನ್ನೆ ತೆರೆದಿತ್ತು, ಇವತ್ತು ತೆರೆಯುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ಭಾಗಗಳಿವೆ, ಸವೆಯುತ್ತವೆ. ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳು ಚಿತ್ರವನ್ನು ಸೂಕ್ಷ್ಮವಾದ ವಿದ್ಯುದಂಶದ ರೂಪದಲ್ಲಿ ಹಿಡಿದಿಡುತ್ತವೆ, ವರ್ಷಗಟ್ಟಲೆ ಬಳಸದೆ ಬೀರುವಿನಲ್ಲಿಟ್ಟರೆ ಅದು ಸೋರಿಹೋಗಬಹುದು. 2000ದ ಆಚೀಚೆ ಮದುವೆಯಾದವರ ಮನೆಯಲ್ಲಿ ಒಂದು ಡಿವಿಡಿ ಇರುತ್ತದೆ. ಹೊದಿಕೆಯ ಮೇಲೆ ವಧೂವರರ ಚಿತ್ರ, ಸುತ್ತ ಗುಲಾಬಿ ಹೂವು. ಅದನ್ನು ಜೋಪಾನವಾಗಿ ಸೀರೆಗಳ ನಡುವೆ ಇಟ್ಟಿರುತ್ತಾರೆ. ಡಿಸ್ಕಿನ ಒಳಪದರ ಹಾಳಾಗಿರಬಹುದು ಅನ್ನುವುದು ಒಂದು, ಹಾಕಿ ನೋಡೋಣವೆಂದರೆ ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಹಾಕುವ ಬಾಯಿಯೇ ಇಲ್ಲ. ಅಂಥವರು ಇಲ್ಲಿದ್ದರೆ, ಇದೇ ತಿಂಗಳಲ್ಲಿ ಯಾರಿಂದಾದರೂ ಹಳೆಯ ಡ್ರೈವ್ ಎರವಲು ತಂದು ನಕಲು ಮಾಡಿಕೊಳ್ಳಿ.

ವಾಟ್ಸ್‌ಆಪ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಮ್ಮ ಬಹುಪಾಲು ಮನೆಗಳ ಆಲ್ಬಂ ಈಗ ಅದೇ. ಫೋಟೋಗಳನ್ನು ಚಿಕ್ಕದು ಮಾಡಲು ಜೆಪೆಗ್ ಎಂಬ ವಿಧಾನ ಇದೆ, 1992ರಲ್ಲಿ ಜಾರಿಗೆ ಬಂದ ಮಾನದಂಡ. ಅದು ಚಿತ್ರವನ್ನು ಎಂಟಕ್ಕೆಂಟು ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ಮತ್ತೆ ಬರುವುದಿಲ್ಲ. ಫೈಲನ್ನು ಇದ್ದ ಹಾಗೆ ನಕಲು ಮಾಡಿದರೆ ಏನೂ ನಷ್ಟವಿಲ್ಲ, ಸಾವಿರ ಸಲ ಮಾಡಿ. ಆದರೆ ಮತ್ತೆ ಮತ್ತೆ ಕುಗ್ಗಿಸಿ ಉಳಿಸಿದಾಗ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ವಾಟ್ಸ್‌ಆಪಿನಲ್ಲಿ ಸುಮ್ಮನೆ ಫೋಟೋ ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ. ಬಹುಕಾಲ ಅದರ ಅಳತೆ ಉದ್ದಕ್ಕೆ 1600 ಪಿಕ್ಸೆಲ್ ಆಸುಪಾಸು ಇತ್ತು. 4000ಕ್ಕೆ 3000 ಇದ್ದ ಚಿತ್ರ 1600ಕ್ಕೆ 1200 ಆದರೆ ಆರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ, ಲೆಕ್ಕ ಹಾಕಿ ನೋಡಿ. ಜೊತೆಗೆ, ಚಿತ್ರ ತೆಗೆದ ದಿನ, ಹೊತ್ತು, ಜಾಗ ಎಲ್ಲವೂ ಫೈಲಿನೊಳಗೆ ಅಡಗಿಕೊಂಡಿರುತ್ತದೆ, ಅದನ್ನೂ ಕಿತ್ತುಹಾಕುತ್ತದೆ. ಅಪರಿಚಿತರಿಗೆ ನಿಮ್ಮ ಮನೆಯ ಜಾಗ ತಿಳಿಯದಿರಲಿ ಎಂಬುದಕ್ಕೆ ಅದು ಒಳ್ಳೆಯದೇ. ಆದರೆ ಮನೆಯ ನೆನಪಿಗೆ ಅದು ನಷ್ಟ. ಮುಖ್ಯವಾದ ಚಿತ್ರವಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಮೂಲ ಹಾಗೇ ಹೋಗುತ್ತದೆ.

ಇದರ ಫಲ ನನಗೆ ಅತ್ಯಂತ ನಿಚ್ಚಳವಾಗಿ ಕಂಡದ್ದು ಸಾವಿನ ಮನೆಗಳಲ್ಲಿ. ಮೊದಲೇ ಕ್ಷಮೆ ಕೇಳಿ ಹೇಳುತ್ತಿದ್ದೇನೆ, ವಿಷಯ ಭಾರವಾದದ್ದು.

ಹಿರಿಯರೊಬ್ಬರು ತೀರಿಕೊಳ್ಳುತ್ತಾರೆ. ಪೇಪರಿಗೆ ಕೊಡಲು ಫೋಟೋ ಬೇಕು, ಹನ್ನೊಂದನೆಯ ದಿನದ ಹೊತ್ತಿಗೆ ಗೋಡೆಗೆ ಹಾಕಲು ಫ್ರೇಮ್ ಬೇಕು. ಮಕ್ಕಳು, ಮೊಮ್ಮಕ್ಕಳು ಫೋನ್ ಹಿಡಿದು ಹುಡುಕಲು ಕೂರುತ್ತಾರೆ. ಅಂಥ ಒಂದು ಮನೆಯಲ್ಲಿ ನಾನೂ ಕೂತಿದ್ದೆ. ತೀರಿಹೋದ ಹೆಂಗಸಿಗೆ ಎಂಬತ್ತು ದಾಟಿತ್ತು, ಮೊಮ್ಮಗಳ ಫೋನಿನಲ್ಲಿ ಸಾವಿರಾರು ಚಿತ್ರ. ಬೆರಳು ಮೇಲಕ್ಕೆ ತಳ್ಳುತ್ತಲೇ ಇದೆ. ದೋಸೆಯ ಚಿತ್ರ, ಬಿಲ್ಲಿನ ಚಿತ್ರ, ಶುಭೋದಯದ ಹೂವು, ಒಂದೇ ಕೇಕನ್ನು ಆರು ಕೋನದಿಂದ. ಅಜ್ಜಿ ಇದ್ದಾರೆ, ಇಲ್ಲವೆಂದಲ್ಲ. ಸೆಲ್ಫಿಯ ಹಿಂದೆ ಮಸುಕಾಗಿ ಇದ್ದಾರೆ. ಹುಟ್ಟುಹಬ್ಬದ ಗುಂಪಿನಲ್ಲಿ ಯಾರದೋ ಭುಜ ಅಡ್ಡ ಬಂದು ಅರ್ಧ ಇದ್ದಾರೆ. ಎಲ್ಲರಿಗೂ ಹಿಡಿಸಿದ ಒಂದು ಚಿತ್ರ ಸಿಕ್ಕಿತು, ತುಳಸಿಕಟ್ಟೆಯ ಪಕ್ಕ ನಗುತ್ತಾ ನಿಂತದ್ದು. ಆದರೆ ಅದು ಗುಂಪಿನಿಂದ ಗುಂಪಿಗೆ ದಾಟಿ ಬಂದದ್ದು. ಮುಖದಷ್ಟನ್ನು ಕತ್ತರಿಸಿ ದೊಡ್ಡದು ಮಾಡಿದಾಗ ಕಣ್ಣಿನ ಜಾಗದಲ್ಲಿ ಚೌಕ ಚೌಕ ಕಲೆಗಳು. ಮೂಲ ಯಾರ ಫೋನಿನಲ್ಲಿತ್ತು ಅಂತ ವಿಚಾರಿಸಿದರೆ, ಆ ಫೋನು ಬದಲಾಗಿ ವರ್ಷಗಳಾಗಿದ್ದವು. ಕೊನೆಗೆ ಸ್ಟುಡಿಯೋದವರು ಹೇಳಿದರು, ಆಧಾರ್ ಕಾರ್ಡ್ ಕೊಡಿ, ಅದರಿಂದ ಮಾಡಿಕೊಡುತ್ತೇವೆ.

ಆಧಾರ್ ಕಾರ್ಡಿನ ಚಿತ್ರದಲ್ಲಿ ಯಾರ ಮುಖವೂ ಅವರ ಮುಖದ ಹಾಗಿರುವುದಿಲ್ಲ. ಬದುಕಿನ ಕೊನೆಯ ಹದಿನೈದು ವರ್ಷ ಕ್ಯಾಮೆರಾಗಳ ನಡುವೆಯೇ ಕಳೆದರೂ, ಗೋಡೆಗೆ ಬಂದದ್ದು ಆ ಚಿತ್ರ. ಅದೇ ಮನೆಯಲ್ಲಿ ಅವರ ಗಂಡನ ಚಿತ್ರ ಇತ್ತು, ಬಹಳ ಹಿಂದೆ ಸ್ಟುಡಿಯೋಗೆ ಹೋಗಿ ತೆಗೆಸಿದ್ದು, ಕಪ್ಪು ಕೋಟು, ಬಿಳಿ ಪಂಚೆ, ಕಣ್ಣಿನಲ್ಲಿ ದೀಪದ ಬೆಳಕಿನ ಚುಕ್ಕಿ ಕೂಡ ಕಾಣುತ್ತದೆ. ಆಯುಷ್ಯದಲ್ಲಿ ಅವರು ಒಬ್ಬರೇ ಕೂತು ತೆಗೆಸಿಕೊಂಡ ಫೋಟೋ ಬಹುಶಃ ಅದೊಂದೇ. ನನಗೆ ಅನ್ನಿಸುವುದು ಇಷ್ಟು. ಮನೆಯ ಹಿರಿಯರನ್ನು ಒಂದು ದಿನ ಕಿಟಕಿಯ ಪಕ್ಕ ಕೂರಿಸಿ, ಅವರಿಗಿಷ್ಟವಾದ ಸೀರೆಯೋ ಅಂಗಿಯೋ ಉಡಿಸಿ, ಗಡಿಬಿಡಿ ಇಲ್ಲದೆ ಅವರದೇ ಒಂದು ಚಿತ್ರ ತೆಗೆಯಿರಿ. ಅದನ್ನು ಸಾವಿಗೆ ಸಿದ್ಧತೆ ಅಂತ ಯಾಕೆ ತಿಳಿಯಬೇಕು? ಹಿಂದೆ ಅರವತ್ತರ ಶಾಂತಿಗೆ ಸ್ಟುಡಿಯೋಗೆ ಹೋಗುವ ಪದ್ಧತಿ ಇತ್ತಲ್ಲ, ಅದು ಗೌರವದ ಸಂಗತಿಯೇ ಆಗಿತ್ತು.

ಇಲ್ಲೇ ಇನ್ನೊಂದು ಮಾತು. ಈಗ ಮಸುಕಾದ ಫೋಟೋ ಕೊಟ್ಟರೆ ಕೃತಕ ಬುದ್ಧಿಮತ್ತೆಯಿಂದ ಸ್ಪಷ್ಟ ಮಾಡಿಕೊಡುವ ಆಪ್‌ಗಳು ಬಂದಿವೆ. ಇಲ್ಲದ ಕಣ್ಣುರೆಪ್ಪೆ ಬರುತ್ತದೆ, ಚರ್ಮ ನುಣುಪಾಗುತ್ತದೆ, ಸೀರೆಗೆ ಬಣ್ಣ ಬರುತ್ತದೆ. ನೋಡಲು ಚಂದ. ಆದರೆ ಆ ಯಂತ್ರಕ್ಕೆ ನಿಮ್ಮ ಅಜ್ಜಿ ಗೊತ್ತಿಲ್ಲ. ಬೇರೆ ಲಕ್ಷಾಂತರ ಮುಖಗಳಿಂದ ಕಲಿತದ್ದನ್ನು ಅದು ನಿಮ್ಮ ಅಜ್ಜಿಯ ಮುಖದ ಮೇಲೆ ತುಂಬುತ್ತದೆ. ಮೂಗಿನ ಪಕ್ಕದ ಮಚ್ಚೆ ಕಲೆ ಅಂತ ತಿಳಿದು ಅಳಿಸುತ್ತದೆ. ಮುಂದಿನ ತಲೆಮಾರು ಅದನ್ನೇ ನಿಜ ಅಂದುಕೊಳ್ಳುತ್ತದೆ. ಮಾಡಿಸಿಕೊಳ್ಳಬೇಡಿ ಅನ್ನುವುದಿಲ್ಲ. ಮೂಲದ ಸ್ಕ್ಯಾನನ್ನು ಕೈ ಮುಟ್ಟದ ಹಾಗೆ ಬೇರೆ ಇಡಿ, ತಿದ್ದಿದ್ದಕ್ಕೆ ತಿದ್ದಿದ್ದು ಅಂತ ಹೆಸರು ಕೊಡಿ.

ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಕಂಪನಿಗಳ ಕಂಪ್ಯೂಟರಿನಲ್ಲಿ ಚಿತ್ರ ಇಡುವ ವ್ಯವಸ್ಥೆ, ಇದೆಯಲ್ಲ ಅಂತ ಯುವಕರು ಕೇಳುತ್ತಾರೆ. ಇದೆ, ಬಳಸಬೇಕು, ನಾನೂ ಬಳಸುತ್ತೇನೆ. ಆದರೆ ಅದು ಬಾಡಿಗೆ ಮನೆ. ಫೇಸ್‌ಬುಕ್ಕಿನ ಹಾಗಿದ್ದ ಆರ್ಕುಟ್ ಜಾಲತಾಣ ನೆನಪಿದೆಯೇ? ನಮ್ಮ ದೇಶದಲ್ಲಿ ಒಂದು ಇಡೀ ಪೀಳಿಗೆಯ ಕಾಲೇಜು ದಿನಗಳ ಫೋಟೋ ಅಲ್ಲಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಇಳಿಸಿಕೊಳ್ಳಲು ಅವಕಾಶ ಕೊಟ್ಟಿದ್ದರು, ಇಳಿಸಿಕೊಂಡವರು ಎಷ್ಟು ಮಂದಿ ಅಂತ ಈ ಸಭೆಯಲ್ಲೇ ಕೈ ಎತ್ತಿಸಿದರೆ ತಿಳಿಯುತ್ತದೆ. ಫೋಟೋ ಇಡಲು ಗೂಗಲ್ ಕೊಟ್ಟಿದ್ದ ಪಿಕಾಸಾವನ್ನು 2016ರಲ್ಲಿ ನಿಲ್ಲಿಸಿದರು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು, 2021ರ ಜೂನ್ 1ರಿಂದ ಅದು ನಿಂತಿತು, 15 ಜಿಬಿ ದಾಟಿದರೆ ದುಡ್ಡು. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನು 2023ರ ಕೊನೆಯಿಂದ ಗೂಗಲ್ ಜಾರಿಗೆ ತಂದಿದೆ. ಇದರ ಅರ್ಥ ಏನು ನೋಡಿ. ಒಬ್ಬ ತಂದೆ ತೀರಿಕೊಂಡರು, ಅವರ ಖಾತೆಯಲ್ಲಿ ಮಕ್ಕಳ ಬಾಲ್ಯವೆಲ್ಲ ಇದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ದುಃಖದಲ್ಲಿ ಎರಡು ವರ್ಷ ಕಳೆದದ್ದೂ ಗೊತ್ತಾಗುವುದಿಲ್ಲ. ಟ್ರಂಕಾದರೆ ಬೀಗ ಒಡೆಯಬಹುದಿತ್ತು. ಖಾತೆ ನಿಷ್ಕ್ರಿಯವಾದಾಗ ಅಥವಾ ಖಾತೆದಾರರು ತೀರಿಕೊಂಡಾಗ ಅದು ಯಾರಿಗೆ ತಲುಪಬೇಕು ಅಂತ ಮೊದಲೇ ಸೂಚಿಸುವ ವ್ಯವಸ್ಥೆ ಗೂಗಲ್‌ನಲ್ಲೂ ಇದೆ, ಆಪಲ್‌ನಲ್ಲೂ ಇದೆ. ಐದು ನಿಮಿಷದ ಕೆಲಸ. ಜಮೀನಿನ ಪಹಣಿ, ಬ್ಯಾಂಕಿನ ನಾಮಿನಿ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು ಇದನ್ನೂ ಮಾಡಬಹುದು.

ನಾನು ಎಲ್ಲಕ್ಕಿಂತ ಹೆಚ್ಚು ಕಾಳಜಿ ಮಾಡುವ ವಿಷಯ ಹೆಸರುಗಳದು. ಹಳೆಯ ಫೋಟೋ ಕೈಗೆ ಬಂದರೆ ನಾನು ಮೊದಲು ಹಿಂದುಗಡೆ ತಿರುಗಿಸುತ್ತೇನೆ. ಒಮ್ಮೆ ಶಿವಮೊಗ್ಗ ಕಡೆಯ ಮನೆಯೊಂದರಲ್ಲಿ ಸಿಕ್ಕಿದ ಗುಂಪು ಚಿತ್ರದ ಹಿಂದೆ, ನೇರಳೆ ಬಣ್ಣದ ಕಾಪಿಯಿಂಗ್ ಪೆನ್ಸಿಲ್ಲಿನಲ್ಲಿ, ನಿಂತವರು ಎಡದಿಂದ ಅಂತ ಶುರು ಮಾಡಿ ಒಬ್ಬೊಬ್ಬರ ಹೆಸರು ಬರೆದಿತ್ತು. ಕೊನೆಯ ಸಾಲು, ‘ಚಿಕ್ಕಿ ಬಂದಿಲ್ಲ, ಜ್ವರ’. ಅಷ್ಟೇ. ಚಿತ್ರದಲ್ಲಿ ಇಲ್ಲದ ಒಬ್ಬಳನ್ನೂ ಆ ಬರಹ ಒಳಗೆ ಕರೆದುಕೊಂಡು ಬಂದಿತ್ತು. ಬರೆದವರು ಆ ಮನೆಯ ಸೊಸೆ, ನಾಲ್ಕನೆಯ ಇಯತ್ತೆಯವರೆಗೆ ಓದಿದವರು ಅಂತ ಮನೆಯವರು ಹೇಳಿದರು.

ಈಗಿನ ಫೈಲಿನಲ್ಲಿ ದಿನಾಂಕ ಇದೆ, ಸೆಕೆಂಡಿನವರೆಗೆ ಹೊತ್ತು ಇದೆ, ಅಕ್ಷಾಂಶ ರೇಖಾಂಶ ಇದೆ, ಲೆನ್ಸಿನ ಅಳತೆ ಇದೆ. ಯಾರು ಎಂಬುದಿಲ್ಲ. ಯಾಕೆ ಸೇರಿದ್ದರು ಎಂಬುದಿಲ್ಲ. ಫೋನು ಮುಖಗಳನ್ನು ಗುರುತಿಸಿ ಗುಂಪು ಮಾಡುತ್ತದೆ, ನಿಜ, ಆದರೆ ಹೆಸರು ನಾವೇ ಹೇಳಿಕೊಡಬೇಕು. ಆ ಹೆಸರೂ ಆ ಆಪಿನೊಳಗೇ ಉಳಿಯುವುದು ಹೆಚ್ಚು, ಫೈಲಿನ ಜೊತೆ ಹೋಗುವ ಖಾತ್ರಿ ಇಲ್ಲ. ಐಎಂಜಿ ಅಂತ ಶುರುವಾಗಿ ನಾಲ್ಕು ಅಂಕಿ ಇರುವ ಹೆಸರು ಯಾರಿಗೆ ಏನು ಹೇಳೀತು? ಪತ್ರಿಕೆಯಲ್ಲಿ ಕೆಲಸ ಮಾಡಿದ ಛಾಯಾಗ್ರಾಹಕರನ್ನು ಕೇಳಿ, ಅಡಿಬರಹ ಇಲ್ಲದ ಚಿತ್ರವನ್ನು ಸಂಪಾದಕರು ಮುಟ್ಟುತ್ತಿರಲಿಲ್ಲ ಅನ್ನುತ್ತಾರೆ. ಮನೆಯ ಚಿತ್ರಕ್ಕೂ ಅದೇ ಶಿಸ್ತು ಬೇಕು. ಫೈಲಿನ ಹೆಸರನ್ನೇ ಬದಲಿಸಿ. ಮೊದಲು ವರ್ಷ, ತಿಂಗಳು, ಆಮೇಲೆ ಊರು, ಸಂದರ್ಭ, ಜನ. ಕನ್ನಡದಲ್ಲೇ ಬರೆಯಬಹುದು, ಈಗಿನ ಫೋನು, ಕಂಪ್ಯೂಟರುಗಳು ಕನ್ನಡ ಅಕ್ಷರವನ್ನು ಸಲೀಸಾಗಿ ಒಪ್ಪುತ್ತವೆ.

ಎಲ್ಲಕ್ಕೂ ಹಾಗೆ ಹೆಸರಿಡಲು ಸಾಧ್ಯವಿಲ್ಲ, ಒಪ್ಪುತ್ತೇನೆ. ಅದಕ್ಕೇ ಆರಿಸಬೇಕು ಅನ್ನುವುದು. ಅಳಿಸಿ ಅಳಿಸಿ ಕೊನೆಗೆ ಒಳ್ಳೆಯದು ಉಳಿಸಿಕೊಳ್ಳುತ್ತೇನೆ ಅಂತ ಹೊರಟವರು ಸುಸ್ತಾಗಿ ಬಿಟ್ಟದ್ದನ್ನು ನೋಡಿದ್ದೇನೆ. ಅಳಿಸುವ ಗೋಜಿಗೆ ಹೋಗಬೇಡಿ. ಒಂದು ವರ್ಷದ ರಾಶಿಯಿಂದ ನಿಮಗೆ ಬೇಕೇ ಬೇಕು ಅನ್ನಿಸುವಷ್ಟನ್ನು ಎತ್ತಿ ಬೇರೆ ಫೋಲ್ಡರಿಗೆ ಹಾಕಿ. ಮೂವತ್ತಾರು ಆದರೆ ಸಾಕು, ಒಂದು ರೋಲು. ಉಳಿದದ್ದು ಅದರ ಪಾಡಿಗೆ ಇರಲಿ. ಎತ್ತಿಟ್ಟದ್ದಕ್ಕೆ ಹೆಸರು ಬರೆಯಿರಿ, ಪ್ರಿಂಟ್ ಹಾಕಿಸಿ, ಮೂರು ಕಡೆ ನಕಲು ಇಡಿ. ಎರಡು ನಿಮ್ಮ ಮನೆಯಲ್ಲಿ ಬೇರೆ ಬೇರೆ ಸಾಧನಗಳಲ್ಲಿ, ಮೂರನೆಯದು ಬೇರೆ ಊರಿನಲ್ಲಿ ಅಥವಾ ಕ್ಲೌಡಿನಲ್ಲಿ. ಕೊಡಗಿನಲ್ಲಿ 2018ರ ಮಳೆಗೆ ಗುಡ್ಡ ಜರಿದು ಮನೆಗಳು ಹೋದವಲ್ಲ, ಮನೆಯ ಜೊತೆ ಆಲ್ಬಮ್ಮೂ ಹೋಗುತ್ತದೆ, ಆಲ್ಬಮ್ಮಿನ ಪಕ್ಕದಲ್ಲಿಟ್ಟ ಹಾರ್ಡ್ ಡಿಸ್ಕೂ ಹೋಗುತ್ತದೆ. ಬೇರೆ ಊರಿನ ನಕಲಿಗೆ ನಾನು ಒತ್ತು ಕೊಡುವುದು ಅದಕ್ಕೆ. ಅಮೆರಿಕದಲ್ಲೋ ದುಬೈನಲ್ಲೋ ಮಗಳಿದ್ದರೆ ಅವಳ ಹತ್ತಿರ ಒಂದು ಪ್ರತಿ ಇರಲಿ.

ತೆಗೆಯುವ ಹೊತ್ತಿನ ಎಚ್ಚರವನ್ನೂ ಪೂರ್ತಿ ಬಿಡಬೇಕಾಗಿಲ್ಲ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಮ್ಯೂಸಿಯಮ್ಮಿಗೆ ಕರೆದೊಯ್ದು, ಕೆಲವು ವಸ್ತುಗಳನ್ನು ಬರೀ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಿದರು. ಮಾರನೆಯ ದಿನ ಕೇಳಿದಾಗ, ಫೋಟೋ ತೆಗೆದ ವಸ್ತುಗಳಿಗಿಂತ ಬರೀ ನೋಡಿದ ವಸ್ತುಗಳೇ ಅವರಿಗೆ ಹೆಚ್ಚು ನೆನಪಿದ್ದವು. ಕ್ಯಾಮೆರಾ ನೋಡಿಕೊಂಡಿತು, ನಮಗೇಕೆ ಅಂತ ಮನಸ್ಸು ಬಿಟ್ಟುಬಿಡುತ್ತದೆಯೇನೋ. ಆದರೆ ವಸ್ತುವಿನ ಯಾವುದೋ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಿಗೆ ಹಾಗಾಗಲಿಲ್ಲ, ಫ್ರೇಮಿನ ಹೊರಗಿನ ಭಾಗವೂ ಅವರ ನೆನಪಿನಲ್ಲಿತ್ತು. ಹಾಗಾಗಿ ಕ್ಯಾಮೆರಾವನ್ನು ಬೈದು ಪ್ರಯೋಜನವಿಲ್ಲ. ಬೇಲೂರಿಗೆ ಹೋದರೆ ಇಡೀ ದೇವಸ್ಥಾನವನ್ನು ನಲವತ್ತು ಸಲ ತೆಗೆಯುವ ಬದಲು, ದರ್ಪಣ ಸುಂದರಿಯ ಮುಂದೆ ನಿಂತು ಅವಳ ಕೈಯ ಕನ್ನಡಿಯನ್ನು, ಬೆರಳು ಅದನ್ನು ಹಿಡಿದ ರೀತಿಯನ್ನು ನೋಡಿ, ಅದನ್ನು ತೆಗೆಯಿರಿ.

ಮಾತು ಮುಗಿದ ಮೇಲೆ ಸಭೆಯಿಂದ ಒಬ್ಬ ಗೃಹಿಣಿ ಕೇಳಿದ ಪ್ರಶ್ನೆ ಇಲ್ಲಿ ಸೇರಿಸುತ್ತಿದ್ದೇನೆ. ಹಳೆಯ ಪ್ರಿಂಟೂ ಇದೆ, ಫೋನಿನಲ್ಲೂ ತುಂಬಿದೆ, ಕೈಗೆ ಬಿಡುವಿಲ್ಲ, ಯಾವುದರಿಂದ ಶುರು ಮಾಡಲಿ ಅಂತ ಅವರು ಕೇಳಿದರು. ಎರಡರಿಂದಲೂ ಬೇಡ, ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರಿಂದ ಶುರು ಮಾಡಿ ಅಂದೆ. ಫೈಲನ್ನು ಮುಂದಿನ ತಿಂಗಳು ನಕಲು ಮಾಡಬಹುದು, ಅವರಿಗೆ ಗೊತ್ತಿರುವ ಹೆಸರುಗಳನ್ನು ಆಮೇಲೆ ಬೇರೆ ಎಲ್ಲಿಂದಲೂ ತರಲಾಗುವುದಿಲ್ಲ. ಒಂದು ಮಧ್ಯಾಹ್ನ ಹಳೆಯ ಫೋಟೋಗಳನ್ನು ಅವರ ಮುಂದೆ ಹರಡಿ, ಫೋನಿನಲ್ಲಿ ಧ್ವನಿ ಮುದ್ರಣ ಹಚ್ಚಿಡಿ. ಪ್ರತಿ ಫೋಟೋಗೂ ಒಂದು ನಂಬರ್ ಹೇಳಿಸಿ, ಆಮೇಲೆ ಯಾವ ಮಾತು ಯಾವ ಚಿತ್ರದ್ದು ಅಂತ ತಿಳಿಯಬೇಕಲ್ಲ. ನಡುವೆ ಅವರು ಬೇರೆ ಕಥೆಗೆ ಹೋದರೆ ತಡೆಯಬೇಡಿ. ಫೋಟೋ ಹಿಂದೆ ಬರೆಯುವುದಾದರೆ ಬಾಲ್ ಪೆನ್ ಬೇಡ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ. ಮೆದು ಪೆನ್ಸಿಲ್ಲಿನಲ್ಲಿ ಅಂಚಿಗೆ ಹಗುರವಾಗಿ ಬರೆಯಿರಿ. ಈಚಿನ ಪ್ಲಾಸ್ಟಿಕ್ ಲೇಪದ ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಅಂಥದ್ದನ್ನು ಲಕೋಟೆಯಲ್ಲಿ ಹಾಕಿ, ಹಾಕುವ ಮೊದಲು ಲಕೋಟೆಯ ಮೇಲೆ ಬರೆದುಕೊಳ್ಳಿ.